ನಾಲ್ಕು ಕೋಟುಗಳ ತೋಳು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪಿರುತ್ತದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಎಂದು ಹೊಟ್ಟೆಗೆ ಹಾಕಿಕೋ. ಉತ್ತರ ಬರೆಯಲು ತಿಂಗಳು ತಡವಾಯಿತು. 'ಪೇಪರಿನಲ್ಲಿ ಬಂದ ಆ ಕೊಲೆಗಾರ ನಿಮ್ಮ ಟೈಲರ್ ಅಂಗಡಿಗೇ ಬರ್ತಿದ್ದನಂತೆ, ಹೌದೇನೇ?' ಎಂದು ನೀನು ಕೇಳಿದ್ದೆ. ಹೌದು. ನಮ್ಮದೂ ಸೇರಿ ನಾಲ್ಕು ದೇಶಗಳಲ್ಲಿ ನಾಲ್ವರನ್ನು ಕೊಂದವನ ತೋಳಿನ ಅಳತೆ ನನಗೆ ಬಾಯಿಪಾಠ: ಇಪ್ಪತ್ಮೂರೂವರೆ ಇಂಚು.

ಮೊದಲ ಸಲ ಮೂರು ಕೋಟು ತಂದಿದ್ದ. ಒಳಗಿನ ಲೇಬಲ್ ಬಿಚ್ಚಬೇಕು, ತೋಳು ಸರಿ ಮಾಡಬೇಕು. 'ಲೇಬಲ್ ಕತ್ತಿಗೆ ಚುಚ್ಚುತ್ತಮ್ಮ. ಮೂರನ್ನೂ ಮೂರು ದೇಶದಲ್ಲಿ ಹೊಲಿಸಿದ್ದು' ಅಂದ. ಎಷ್ಟು ಮೆತ್ತಗಿನ ಮಾತು ಗೊತ್ತಾ. ಅಳತೆ ತೆಗೆಯುವಾಗ ಫೋಟೋಗೆ ನಿಂತ ಮಗುವಿನ ಹಾಗೆ ಉಸಿರು ಬಿಗಿಹಿಡಿದು ನಿಂತ. ಒಂದರ ತೋಳು ಗಿಡ್ಡ, ಒಂದರದು ಉದ್ದ, ಇನ್ನೊಂದರದು ಮತ್ತೂ ಉದ್ದ. ಗಿರಾಕಿಗಳ ಮುಂದೆ ಬಾಯಿ ಬಿಡದ ನಾನು ಅವತ್ತು ಯಾಕೋ ಕೇಳಿಬಿಟ್ಟೆ: 'ಏನ್ ಸಾರ್, ದೇಶಕ್ಕೊಂದು ಥರ ನಿಮ್ಮ ಕೈ ಬೆಳೆಯುತ್ತಾ?'

ನಮ್ಮ ಅಂಗಡಿಯ ಮಾಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. 'ನೋಡ್ರೀ, ನಮ್ಮ ಮೂಗಿಗೂ ಮಾತು ಬಂತು.' ಅವನೂ ನಕ್ಕ.

ಎರಡು ತಿಂಗಳ ಮೇಲೆ ನಾಲ್ಕನೆಯದು ತಂದ, ಬೂದು ಬಣ್ಣದ್ದು. ತೋಳು ಎರಡಿಂಚು ಹೆಚ್ಚಿತ್ತು. ಈ ಸಲ ನಾನು ಏನೂ ಕೇಳದೆ ಲೇಬಲ್ ಬಿಚ್ಚಿ ತೋಳು ಗಿಡ್ಡ ಮಾಡಿಕೊಟ್ಟೆ.

ಆಮೇಲೆ ಅನುಮಾನ ಬಂದು ಅವನ ಕೋಣೆ ಹುಡುಕಿದ ಪೊಲೀಸರು, ನಮ್ಮ ಅಂಗಡಿಯ ಚೀಟಿ ಸಿಕ್ಕಿ ಇಲ್ಲಿಗೆ ಬಂದರು. ಬಿಚ್ಚಿದ್ದನ್ನು ಎಸೆಯಬಾರದು ಎಂದು ಮಾಸ್ಟರ್ ಕಟ್ಟುನಿಟ್ಟು ಮಾಡಿದ್ದಾರಲ್ಲ, ನಾಲ್ಕೂ ಲೇಬಲ್ ಗುಂಡಿ ಡಬ್ಬಿಯಲ್ಲೇ ಇದ್ದವು. ಅವುಗಳ ಜಾಡು ಹಿಡಿದು ಆಯಾ ದರ್ಜಿಗಳನ್ನು ಹುಡುಕಿದರು. ಅವರು ಕೋಟು ಹೊಲಿಸಿದವರ ಹೆಸರು ಹೇಳಿದರು. ನಾಲ್ವರೂ ಸತ್ತವರು.

ಕೋರ್ಟಿನಲ್ಲಿ ನಾನೂ ಸಾಕ್ಷಿ. ಅವನ ಮುಖ ನೋಡಲಾಗದೆ ಕೈ ನೋಡಿದೆ. ಜೈಲಿನ ಅಂಗಿಯ ತೋಳು ಮಣಿಕಟ್ಟಿಗಿಂತ ಮೇಲೇ ನಿಂತಿತ್ತು. ಬೇರೆಯವರ ಕೋಟೇ ಯಾಕೆ ಬೇಕಿತ್ತು ಅವನಿಗೆ? ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಯಾರು ಕಾಣುತ್ತಿದ್ದರು? ವಕೀಲರು ಏನೇನೋ ಕೇಳಿದರು, ಇದನ್ನು ಮಾತ್ರ ಕೇಳಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ಹೋದ ವಾರ ಬೂದು ಕೋಟಿನವನ ತಾಯಿ ಬಂದಿದ್ದರು. ಕೋಟನ್ನೂ ಲೇಬಲನ್ನೂ ಕೋರ್ಟಿನವರು ವಾಪಸ್ಸು ಕೊಟ್ಟರಂತೆ. 'ನನ್ನ ಮಗನಿಗೆ ಹೇಗಿತ್ತೋ ಹಾಗೇ ಮಾಡಿಕೊಡಮ್ಮ' ಅಂದರು. ನನ್ನ ಎರಡೂ ಕೈ ಹಿಡಿದು, 'ನಿನ್ನಿಂದಲೇ ಅವನಿಗೆ ಶಿಕ್ಷೆ ಆಯ್ತು' ಅಂದರು. ನಾನು ತಲೆ ತಗ್ಗಿಸಿದೆ. 'ಇವಳಿಗೆ ನಾಚಿಕೆ ಜಾಸ್ತಿ' ಅಂದರು ಮಾಸ್ಟರ್.

ನಿನ್ನ ಮೊಣಕಾಲು ನೋವು ಹೇಗಿದೆ? ಭಾವನಿಗೆ ನಮಸ್ಕಾರ, ಪಾಪುವಿಗೆ ಮುತ್ತು. ನೀವೆಲ್ಲ ಚೆನ್ನಾಗಿರಿ.

ನಿನ್ನ ತಂಗಿ,
ಪುಟ್ಟಿ

ಮೇಲೆ ಬರೆಯಲು ಧೈರ್ಯ ಬಾರದೆ ಇಲ್ಲಿ ಬರೆಯುತ್ತಿದ್ದೇನೆ. ಆ ಮೂರು ಕೋಟು ಒಬ್ಬನದಲ್ಲ ಎಂದು ಮೊದಲ ದಿನವೇ ನನಗೆ ಗೊತ್ತಾಗಿತ್ತು ಅಕ್ಕ. ಭುಜವೂ ಒಂದೊಂದರದು ಒಂದೊಂದು ಅಳತೆ. ತಮಾಷೆ ಮಾಡಿ ಸುಮ್ಮನಾದೆ, ಯಾರಿಗೂ ಹೇಳಲಿಲ್ಲ. ಆಗ ಬೂದು ಕೋಟಿನವನು ಬದುಕಿದ್ದ.

ಅವನ ಕೋಟಿನ ತೋಳು ಗಿಡ್ಡ ಮಾಡುವಾಗ ಬಟ್ಟೆ ಕತ್ತರಿಸದೆ ಒಳಗೆ ಮಡಚಿ ಹೊಲಿದಿದ್ದೆ. ನಿನ್ನೆ ಆ ಹೊಲಿಗೆ ಬಿಚ್ಚಿ ಇಸ್ತ್ರಿ ಮಾಡಿ, ಲೇಬಲ್ ಮತ್ತೆ ಹೊಲಿದೆ. ಇವತ್ತು ಬೆಳಿಗ್ಗೆ ಆ ತಾಯಿಯ ಮನೆಗೆ ಒಯ್ದು ಕೊಟ್ಟು, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ತಮ್ಮ ಕೈಯನ್ನು ಕೋಟಿನ ತೋಳಿನೊಳಗೆ ತೂರಿಸಿದರು. ಬೆರಳ ತುದಿಯೂ ಹೊರಗೆ ಕಾಣಲಿಲ್ಲ. 'ಉದ್ದ ಸರಿಯಾಗಿದೆ' ಅಂದು ಬಾಗಿಲು ಹಾಕಿಕೊಂಡರು.