ಆಯಿ ಹತ್ತುವಂಥ ಗಾಡಿ

ಜನವರಿ 8, 2023. ರವಿವಾರ

ಇವತ್ತೂ ಒಂದು ಗಾಡಿ. ವಿಶ್ರಾಮಬಾಗದಲ್ಲಿ. ಬೂದು ಬಣ್ಣ, ಪೆಟ್ರೋಲು, ಒಬ್ಬನೇ ಓನರ್. ಇವರು ಹೋದವರೇ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ಅದು ಕೃಷ್ಣೆಯ ನೀರು ಕುಡಿದ ಗಾಡಿ. 2019ರ ನೆರೆ ಕಂಡ ಸಾಂಗಲಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಇವರಷ್ಟು ಗಂಭೀರವಾಗಿ ಯಾರೂ ಎಳೆಯುವುದಿಲ್ಲ — ಬಾವಿಯಿಂದ ನೀರು ಸೇದುವವರ ಹಾಗೆ.

ಗೆರೆ ಇರಲಿಲ್ಲ. ಮ್ಯಾಟ್ ಎತ್ತಿ ಮೂಸಿದರು. ಸ್ಟೆಪ್ನಿ ತೆಗೆಸಿದರು. ಬಾನೆಟ್ಟಿನೊಳಗೆ ತಲೆ ಹಾಕಿ ಹತ್ತು ನಿಮಿಷ ನಿಂತರು. ಗಾಡಿಯವನ ಹೆಂಡತಿ ಎರಡು ಸಲ ಚಹಾ ತಂದಳು, ಪಾಪ.

ಹೊರಗೆ ಬಂದು —

"ಬ್ಯಾಡ. ಎಡಗಡಿ ಬಾಗಲಕ್ಕ ಮತ್ತೊಮ್ಮೆ ಬಣ್ಣಾ ಹೊಡದಾರ."

"ಹೊಡೀಲಿ ಬಿಡ್ರಿ. ಆಯಿ ಏನು ಬಣ್ಣದ ಮ್ಯಾಲೆ ಕೂಡ್ತಾರೇನು?"

"ನಿನಗ ಅದೆಲ್ಲಾ ತಿಳಿಯೂದಿಲ್ಲ."

ತಿಳಿಯುವುದಿಲ್ಲ. ಆದರೆ ಲೈಸೆನ್ಸ್ ಇರುವುದು ನನ್ನ ಹತ್ತಿರ. ಇವರದು ನೆರೆಯಲ್ಲಿ ಹೋಯಿತಂತೆ, ಮತ್ತೆ ಮಾಡಿಸಿಲ್ಲ.

ಜನವರಿ 9. ಸೋಮವಾರ

ಆಯಿಯ — ನನ್ನ ಅತ್ತೆಯ — ಡಯಾಲಿಸಿಸ್. ಸೋಮ, ಬುಧ, ಶುಕ್ರ — ಬೆಳಿಗ್ಗೆ ದಸ್ತಗೀರ ಚಾಚಾನ ರಿಕ್ಷಾ, ಮಿರಜಿನ ಆಸ್ಪತ್ರೆ. ಅತ್ತೆಗೆ ಈಗ ಎಪ್ಪತ್ತೊಂಬತ್ತು. ಹೋಗುವಾಗ ಮಗನ ಜೊತೆ ಮಾತಾಡುತ್ತ ಹೋಗುತ್ತಾರೆ. ಬರುವಾಗ ಒದ್ದೆ ಬಟ್ಟೆಯ ಹಾಗೆ ಅವನ ಹೆಗಲ ಮೇಲೆ ಬಿದ್ದಿರುತ್ತಾರೆ. ರಸ್ತೆಯ ಪ್ರತಿ ಹಂಪಿಗೂ "ಅರಿಹಂತಾ" ಎನ್ನುತ್ತಾರಂತೆ. ಚಾಚಾನೇ ಹೇಳಿದ್ದು. "ಬಾಯಿ, ಹಂಪ್ ಬಂದ್ರ ನಾನೂ ಅರಿಹಂತಾ ಅಂತೀನಿ ಈಗ."

ಇವರು ಕಾರ್ಖಾನೆ ಬಿಟ್ಟು ಮನೆಯಲ್ಲಿದ್ದಾರೆ. ತಾಯಿಯನ್ನು ಒಬ್ಬರೇ ಸಂಭಾಳಿಸುತ್ತಾರೆ, ಒಂದು ದಿನವೂ ಬೇಸರಿಸಿಲ್ಲ. ಬರೆದಿಡಬೇಕು. ನಾಳೆ ಸಿಟ್ಟು ಬಂದಾಗ ಇದು ನೆನಪಿಗೆ ಬರುವುದಿಲ್ಲ.

ಜನವರಿ 22. ರವಿವಾರ

ಮಾಧವನಗರದಲ್ಲಿ ಬಿಳಿ ಗಾಡಿ. ಬೆಲ್ಟ್ ಸ್ವಚ್ಛ. ಬಣ್ಣ ಕಂಪನಿಯದೇ. ಆವರೇಜ್ ಚೆನ್ನಾಗಿದೆ. ಇವರಿಗೆ ತಪ್ಪು ಸಿಗಲಿಲ್ಲ — ಮುಖ ಸಪ್ಪೆಯಾಯಿತು. ಓನರ್ ಕೀಲಿಕೈ ಚಾಚಿದ.

"ಸಾಹೇಬ, ಒಂದು ರೌಂಡ್ ಹೊಡದು ನೋಡ್ರಿ."

"ಇವತ್ತು ಬೆನ್ನು ಹಿಡದೈತಿ. ಆಕಿ ನೋಡ್ತಾಳ."

ಹತ್ತಿದೆ. ಮೋಟಾರ್ ಸ್ಕೂಲಿನ ಗಾಡಿ ಬಿಟ್ಟು ಇಷ್ಟು ವರ್ಷದ ಮೇಲೆ ಮೊದಲ ಸಲ. ಮೊದಲ ತಿರುವನ್ನು ನಡೆಯುವವರ ಹಾಗೆ ದಾಟಿದೆ. ಆಮೇಲೆ ರಸ್ತೆ ತಾನಾಗಿ ಬರತೊಡಗಿತು. ಸಕ್ಕರೆ ಕಾರ್ಖಾನೆಯವರೆಗೆ ಹೋಗಿ ಬಂದೆ. ಓನರ್ ಇವರಿಗೆ ಹೇಳಿದ — "ಬಾಯಿಯವರ ಕೈ ಹಗುರೈತಿ, ಸಾಹೇಬ." ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಇವರ ಮುಖ ಕನ್ನಡಿಯಲ್ಲಿ ಕಂಡಿತು.

ಮನೆಗೆ ಬಂದು — "ಕ್ಲಚ್ ಹಾರ್ಡ್ ಐತಿ. ಬ್ಯಾಡ."

ಕ್ಲಚ್ ಒತ್ತಿದ್ದು ನನ್ನ ಕಾಲು.

ಫೆಬ್ರವರಿ 12. ರವಿವಾರ

ಮೈದುನ ಅಭಯ ಬಂದಿದ್ದ, ಕೊಲ್ಲಾಪುರದಿಂದ. ಇವರು ಸ್ನಾನಕ್ಕೆ ಹೋಗಿದ್ದಾಗ ಅಡುಗೆಮನೆಗೆ ಬಂದು ಕಡಲೆಹಿಟ್ಟಿನ ವಡಿ ಬಾಯಿಗೆ ಹಾಕಿಕೊಳ್ಳುತ್ತ —

"ವಹಿನಿ, ಗಾಡಿ ಆತೇನು?"

"ಎಲ್ಲಿ ಆಗ್ತದ? ಕ್ಲಚ್ ಹಾರ್ಡ್, ಬಣ್ಣಾ ಹಳೇದು. ಇನ್ನ ಇವರ ಲೈಸೆನ್ಸ್ ನೆರಿಯೊಳಗ ಹೋಗೇತಿ."

"ನೆರಿಯೊಳಗ?" ವಡಿ ನೆತ್ತಿಗೇರುವಷ್ಟು ನಕ್ಕ. "ಇದ್ರಲ್ಲಾ ಹೋಗೂದು! ದಾದಾ ಎರಡು ಸಲ ಟೆಸ್ಟಿನ್ಯಾಗ ಫೇಲು. ಎರಡನೇ ಸಲ ಇನ್‌ಸ್ಪೆಕ್ಟರನ ಖುರ್ಚಿ ಮಟಾ ಗಾಡಿ ತಂದಿದ್ದ. ಅವ ಖುರ್ಚಿ ಬಿಟ್ಟು ಓಡಿದ! ನಿಮಗ ಹೇಳಿಲ್ಲೇನು?"

ಇಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ. ಹೇಳಿದ್ದರೆ ಒಂದು ಸಲ ನಗುತ್ತಿದ್ದೆ, ಅಷ್ಟೆ. ಒಂದು ನಗುವಿನಲ್ಲಿ ಮುಗಿಯುವ ಮಾತು. ಅದನ್ನು ಮುಚ್ಚಲು ದೀಪಾವಳಿಯಿಂದ ಎಷ್ಟು ಜನರ ಸೀಟ್ ಬೆಲ್ಟ್ ಎಳೆದರು… ಆಯಿ ಅಷ್ಟು ದಿನವೂ ರಿಕ್ಷಾದಲ್ಲಿ.

ಫೆಬ್ರವರಿ 13

ಹೇಳಿಬಿಟ್ಟೆ. ಮೆತ್ತಗೇ.

"ಅಭಯ ಹೇಳಿದ. ಇರ್ಲಿ ಬಿಡ್ರಿ, ಅದರಾಗೇನೈತಿ? ನಾ ಹೊಡೀತೀನಿ. ನೀವು ಬಾಜೂಕ ಕೂಡ್ರಿ."

ಪೇಪರ್ ಮಡಿಸಿದರು. ಅಂಚಿಗೆ ಅಂಚು ಸೇರಿಸಿ.

"ನಿನ್ನ ಬಾಜೂಕ ಕೂತು ಹೊಂಟಿದ್ದು ಕಾರ್ಖಾನಿ ಮಂದಿ ನೋಡಬೇಕು. ಅದಽ ನಿನಗ ಬೇಕಾಗಿರೂದು."

"ಆಯಿ ಸಲುವಾಗಿ ಅಲ್ಲೇನ್ರಿ?"

"ಗಾಡೀನ ಬ್ಯಾಡ. ಮುಗೀತು."

ಊಟಕ್ಕೆ ಬರಲಿಲ್ಲ. ಆಯಿ ತಟ್ಟೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದರು. "ಏನಂದಿ ಅವಗ?" ಎಂದರು. ನಾನೇ ಏನೋ ಅಂದಿರಬೇಕು. ಯಾವಾಗಲೂ ನಾನೇ.

ಮಾರ್ಚ್ 3. ಶುಕ್ರವಾರ

ಎಂಟನೇ ಇಯತ್ತೆಗೆ ಮುಂಗಾರಿನ ಪಾಠ ಮಾಡುತ್ತಿದ್ದೆ. ಶಿಪಾಯಿ ಬಂದು ಫೋನ್ ಎಂದ. ಆಯಿ ರಿಕ್ಷಾದಿಂದ ಇಳಿಯುವಾಗ ಬಿದ್ದಿದ್ದಾರೆ. ಸೀರೆಯ ಅಂಚು ಕಾಲಿಗೆ ಸಿಕ್ಕಿ. ಹಣೆಗೆ ಹೊಲಿಗೆ. ಪುಣ್ಯಕ್ಕೆ ಬಲಕ್ಕೆ ಬಿದ್ದರು — ಎಡಗಡೆಗಾಗಿದ್ದರೆ ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಕೈಯೇ ಹೋಗುತ್ತಿತ್ತು ಎಂದರು ಡಾಕ್ಟರು. ಆ ಕೈ ಹೋದರೆ ಮುಂದೆ?

ಇವರು ಆಸ್ಪತ್ರೆಯ ಬೆಂಚಿನ ಮೇಲೆ. ತೋಳಿನ ತುಂಬ ರಕ್ತ. ನನ್ನನ್ನು ಕಂಡು ಎದ್ದು ನಿಂತರು, ಶಾಲೆಯ ಹುಡುಗನ ಹಾಗೆ. ಹೆಗಲ ಮೇಲೆ ಕೈ ಇಡಬೇಕೆಂದುಕೊಂಡೆ. ಅಷ್ಟರಲ್ಲಿ —

"ಆ ರಿಕ್ಷಾದವಂದಽ ತಪ್ಪು. ಕಲ್ಲಿನ ಹತ್ರ ನಿಲ್ಲಿಸಿದಾ."

ಕೈ ಇಡಲಿಲ್ಲ.

ಮಾರ್ಚ್ 12. ರವಿವಾರ

ಒಬ್ಬಳೇ ಹೋದೆ. ಕಾಲೇಜ್ ಕಾರ್ನರ್ ಹತ್ತಿರ ಹಳೆಯ ಗಾಡಿ ಮಾರುವ ಸೂರ್ಯವಂಶಿ. ನನ್ನ ಹಿಂದೆ ಇಣುಕಿ ನೋಡಿದ.

"ಸಾಹೇಬ್ರು ಬರ್ಲಿಲ್ಲೇನ್ರಿ?"

"ಗಾಡಿ ನನಗ."

"ಹೌದಾ! ಕೆಂಪು ಕಲರ್ ಒಂದು ಬಂದೈತಿ ನೋಡ್ರಿ ಬಾಯಿ, ಮಸ್ತ್. ಹೆಣ್ಮಕ್ಕಳು ಹೊಡ್ಯಾಕ ಹೇಳಿ ಮಾಡಿಸಿದಂಗ."

"ಸೀಟು ಎತ್ತರ ಇದ್ದದ್ದು ತೋರ್ಸು. ಮೊಣಕಾಲು ಹಿಡದ ಮುದುಕಿ ಹತ್ತಬೇಕು."

ನಿಜಕ್ಕೂ ಇಷ್ಟು ತಿಂಗಳಲ್ಲಿ ಇದನ್ನು ನಾವಿಬ್ಬರೂ ಕೇಳಿರಲಿಲ್ಲ. ಆವರೇಜ್ ಕೇಳಿದೆವು, ಟಾಯರ್ ನೋಡಿದೆವು. ಆಯಿ ಹತ್ತುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬಿಳಿ ಗಾಡಿ ತಗೊಂಡಿದ್ದರೂ ಅದರಲ್ಲಿ ಆಯಿ ಹಳ್ಳಕ್ಕೆ ಇಳಿದಂತೆ ಇಳಿಯಬೇಕಿತ್ತು.

ಕೈ ಊರದೆ ಕೂತು, ಕೈ ಊರದೆ ಎದ್ದು ನೋಡಿದೆ. ಒಂದೊಂದರಲ್ಲೂ. ಸೂರ್ಯವಂಶಿಯ ಹುಡುಗರು ನಗುತ್ತಿದ್ದರು. ನಗಲಿ. ಅಂಗಡಿಯಲ್ಲಿ ಯಾವುದೂ ಸರಿಬರಲಿಲ್ಲ. ಕೊನೆಗೆ ಮಿರಜಿನ ಒಂದು ಮನೆಗೆ ಕಳಿಸಿದ. ನಿವೃತ್ತ ನರ್ಸ್, ವಾಘಮಾರೆ ಸಿಸ್ಟರ್. ಬೆಳ್ಳಿ ಬಣ್ಣದ ಗಾಡಿ, ನೆಟ್ಟಗೆ, ಕಬ್ಬಿಣದ ಕಪಾಟಿನ ಹಾಗೆ. ಚಂದವೇನೂ ಇಲ್ಲ. ಬಾಗಿಲು ಪೂರ್ತಿ ತೆರೆಯುತ್ತದೆ. ಕೂತೆ — ಮನೆಯ ಖುರ್ಚಿಯ ಎತ್ತರ.

ಬೆಲ್ಟನ್ನು ಕೊನೆಯವರೆಗೂ ಎಳೆದೆ. ಮ್ಯಾಟ್ ಮೂಸಿದೆ. ಬಾನೆಟ್ಟಿನ ಸ್ಕ್ರೂ ನೋಡಿದೆ. ಎಲ್ಲ ಇವರಿಂದ ಕಲಿತದ್ದು. ಒಪ್ಪಿಕೊಳ್ಳುವುದು ಕಷ್ಟ, ಆದರೂ ಹೌದು.

"ಭಾಳ ತಿಳಕೊಂಡೀರಿ. ಯಾರು ಹೇಳಿಕೊಟ್ರು?" ಸಿಸ್ಟರ್ ಕೇಳಿದರು.

"ನಮ್ಮವರು."

"ಪುಣ್ಯವಂತ್ರು."

ಬೆಲ್ಟನ್ನು ಒಳಗೆ ಬಿಟ್ಟೆ. ಗಾಡಿಯ ಹಣ ನನ್ನ ಪಿ.ಎಫ್.ನಿಂದ ತೆಗೆದೆ. ಯಾರನ್ನೂ ಕೇಳಲಿಲ್ಲ.

ಮಾರ್ಚ್ 22. ಬುಧವಾರ. ಯುಗಾದಿ ಪಾಡವಾ

ಬೆಳಿಗ್ಗೆಯೇ ಹೋಗಿ ತಂದೆ. ಚೆಂಡುಹೂವಿನ ಮಾಲೆ ಹಾಕಿಸಿಕೊಂಡು. ಇವರು ಮಾಳಿಗೆಯಲ್ಲಿ ಹಬ್ಬದ ಗುಢಿಯ ಬಿದಿರು ಕಟ್ಟುತ್ತಿದ್ದರು. ಮೇಲಿನಿಂದಲೇ —

"ಯಾರದು?"

"ನಮ್ದು."

ಗುಢಿಯ ದಾರ ಬಿಗಿದರು. ಬೇವಿನ ಟೊಂಗೆ ಸರಿಮಾಡಿದರು. ಆಮೇಲೆ ಅಂದರು — "ನಿಂದು."

ಪಕ್ಕದ ಪಾಟೀಲ ಕಾಕು ಸಕ್ಕರೆ ಸರ ಕೊಡಲು ಬಂದವರು ಗೇಟಿನಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ: "ಅಯ್ಯ ನಮ್ಮವ್ವಾ! ಉಜ್ವಲಾ ಡ್ರೈವರ್ ಆಗ್ಯಾಳ, ಶ್ರೀಪಾಲ ಕ್ಲೀನರ್ ಆದಂಗಾತು ಬಿಡು!" ಪ್ರೀತಿಯಿಂದಲೇ ಅಂದದ್ದು. ಇವರು ಒಳಗೆ ಹೋದರು.

ದಸ್ತಗೀರ ಚಾಚಾ ಎಂದಿನಂತೆ ಬಂದ. ಬರಬೇಡ ಎಂದು ನಾನು ಹೇಳಿದ್ದೆ, ಬಾ ಎಂದು ಇವರು ಹೇಳಿದ್ದರಂತೆ. ಪಾಪ, ಹ್ಯಾಂಡಲ್ ಹಿಡಿದು ಇಬ್ಬರನ್ನೂ ನೋಡುತ್ತ ನಿಂತ.

ಆಯಿ ಕೋಲೂರಿಕೊಂಡು ಹೊರಗೆ ಬಂದರು. ಗಾಡಿ ನೋಡಿದರು. ಬಾಗಿಲನ್ನು ಬೆರಳಿಂದ ಮುಟ್ಟಿದರು, ಬಾಣಂತಿ ಮನೆಯಲ್ಲಿ ಕೂಸನ್ನು ಮುಟ್ಟುವಂತೆ. ನಾನು ಬಾಗಿಲು ತೆರೆದೆ.

"ಕೂಡ್ರಿ ಆಯಿ. ಎತ್ತರ ಬರೋಬರಿ ಐತಿ ನಿಮಗ."

ಆಯಿ ಹಿಂದೆ ತಿರುಗಿದರು. "ಶ್ರೀಪಾ ಕೂಡ್ತಾನೇನು?"

ಇವರು ರಿಕ್ಷಾದ ಹತ್ತಿರ. ಅದರ ಸೀಟು ಒರೆಸತೊಡಗಿದರು.

"ಹಂಗಾರ ನನಗೂ ರಿಕ್ಷಾನ ಚಲೋ," ಎಂದರು ಆಯಿ.

ಹಣೆಯ ಹೊಲಿಗೆಯ ಗುರುತು ಇನ್ನೂ ಕೆಂಪಗಿದೆ. ಮಗ ಕೈ ಹಿಡಿದು ಹತ್ತಿಸಿದ. ರಿಕ್ಷಾ ಹೋಯಿತು. ಹಬ್ಬದ ಹೋಳಿಗೆ ಮಾಡಿದೆ. ಗಾಡಿಯ ತೆರೆದ ಬಾಗಿಲು ಹಾಕಲು ಮರೆತಿದ್ದೆ — ನಾಯಿ ಒಳಗೆ ಕೂತಿತ್ತು.

ಏಪ್ರಿಲ್ 28

ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಗಾಡಿ ಚೆನ್ನಾಗಿದೆ. ಎಣ್ಣೆ ಕಡಿಮೆ ಕುಡಿಯುತ್ತದೆ, ದೂರಿಲ್ಲ. ಸಂಗೀತದ ಟೀಚರಮ್ಮ ದಿನಾ ಹತ್ತುತ್ತಾರೆ. ಅವರ ಮೊಣಕಾಲು ಗಟ್ಟಿಯಾಗಿದೆ.

ಜೂನ್ 17

ಶಾಲೆಯ ಮೀಟಿಂಗ್ ಬೇಗ ಮುಗಿಯಿತು ಎಂದು ಹಾಲಿನ ಡೇರಿಯ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ. ಗಾಡಿ ಇವತ್ತು ಮನೆಯಲ್ಲೇ ಬಿಟ್ಟಿದ್ದೆ. ಓಣಿಯ ತಿರುವಿನಿಂದಲೇ ಕಂಡಿತು. ಇವರು ಡ್ರೈವರ್ ಸೀಟಿನಲ್ಲಿ. ಎಂಜಿನ್ ಬಂದ್. ಎರಡೂ ಕೈ ಸ್ಟಿಯರಿಂಗ್ ಮೇಲೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಕನ್ನಡಿ ನೋಡಿದರು. ಗೇರ್ ಹಿಡಿದರು, ಬಿಟ್ಟರು.

ತಿರುವಿನಲ್ಲೇ ನಿಂತೆ, ಅವರು ಇಳಿದು ಒಳಗೆ ಹೋಗುವವರೆಗೂ. ಕಾಲು ನೋಯುವಷ್ಟು ಹೊತ್ತು.

ಚಹಾ ಕೊಡುವಾಗ ಹೇಳಬೇಕೆನ್ನಿಸಿತು: ನಾನೇ ಕಲಿಸ್ತೀನಿ, ಯಾರಿಗೂ ಗೊತ್ತಾಗದ ಹಾಗೆ, ವಿಮಾನದ ಮೈದಾನದ ಕಡೆ ಹೋಗೋಣ. ಬಾಯಿಯವರೆಗೆ ಬಂತು. ಅಷ್ಟರಲ್ಲಿ ಆಯಿಗೆ ಹೇಳುತ್ತಿದ್ದರು — "ಹಳೇ ಗಾಡಿ ಅದು. ಸೀಟಿನ ಸ್ಪ್ರಿಂಗ್ ಹೋಗ್ಯಾವ."

ಕಪ್ಪು ಇಟ್ಟು ಅಡುಗೆಮನೆಗೆ ಹೋದೆ.

ಜುಲೈ 19. ಬುಧವಾರ

ಮೂರು ದಿನದಿಂದ ಮಳೆ. ಸೋಮವಾರ ಡಯಾಲಿಸಿಸ್ ತಪ್ಪಿತು, ರಿಕ್ಷಾ ಬರಲಿಲ್ಲ. ಗಾಡಿ ತೆಗೆಯುತ್ತೇನೆ ಎಂದೆ. "ಒಂದಿನಕ್ಕ ಏನಾಗೂದಿಲ್ಲ" ಎಂದರು ಆಯಿಯೇ.

ಇವತ್ತು ಬೆಳಿಗ್ಗೆ ಆಯಿಯ ಪಾದ ಬಾತು ಹೊಳೆಯುತ್ತಿತ್ತು. ಮಲಗಲಾರರು, ಕೂತರೂ ಉಸಿರು ಸಾಲದು. ಚಾಚಾನ ಓಣಿಗೆ ನೀರು ನುಗ್ಗಿದೆ. ಇವರು ಯಾರು ಯಾರಿಗೋ ಫೋನ್ ಹಚ್ಚುತ್ತಲೇ ಇದ್ದರು. ಯಾರೂ ಇಲ್ಲ. ನಾನು ಕೇಳಲಿಲ್ಲ, ಗಾಡಿಯನ್ನು ಮೆಟ್ಟಿಲವರೆಗೂ ತಂದು ಬಾಗಿಲು ತೆರೆದೆ.

ಆಯಿ ಮಗನ ಮುಖ ನೋಡಲಿಲ್ಲ ಈ ಸಲ. ಬಂದರು, ತಿರುಗಿದರು, ಕೂತರು. ಒಂದೇ ಸಲಕ್ಕೆ. ಯಾರ ಕೈಯೂ ಬೇಕಾಗಲಿಲ್ಲ.

"ಬರ್ರಿ. ಹಿಂದ ಕೂಡ್ರಿ," ಎಂದೆ ಇವರಿಗೆ.

ಕೊಡೆ ಹಿಡಿದು ನಿಂತಿದ್ದರು. ಪ್ಯಾಂಟು ಮೊಣಕಾಲವರೆಗೆ ನೆನೆದಿತ್ತು.

"ನೀವು ನಡೀರಿ. ನಾ ಬಸ್ಸಿನ್ಯಾಗ ಬರ್ತೀನಿ."

"ಈ ಮಳಿಯೊಳಗ?"

"ನಡೀರಿ ಅಂದ್ನೆಲ್ಲ."

ರಸ್ತೆ ಕಾಣುತ್ತಿರಲಿಲ್ಲ. ವೈಪರ್ ಕಿರಗುಟ್ಟುತ್ತಿತ್ತು. ಹಂಪು ಬಂದಾಗಲೆಲ್ಲ ನಿಂತಂತೆ ದಾಟಿಸಿದೆ. ಆಯಿಯಿಂದ ಒಂದು ಸಲವೂ ಅರಿಹಂತಾ ಬರಲಿಲ್ಲ. ಮಿರಜಿನ ಹತ್ತಿರ ಮೆಲ್ಲಗೆ —

"ಚಲೋ ಹೊಡೀತಿ."

ಕೇಳಿಸಿದ್ದು ನಿಜವೋ ಅಲ್ಲವೋ ಅನ್ನಿಸಿತು.

"ರಿಕ್ಷಾದಾಗ ಎಲುವು ಬ್ಯಾರೆ ಬ್ಯಾರೆ ಆಗ್ತಿದ್ವು, ಉಜ್ವಲಾ. ಇದು ತೊಟ್ಟಲಾ ಇದ್ದಂಗೈತಿ." ಆಮೇಲೆ ನನ್ನ ತೋಳು ಹಿಡಿದು: "ಅವನ ಮುಂದ ಹೇಳಬ್ಯಾಡ ಮತ್ತ. ನಾ ಹಿಂಗಂದೆ ಅಂತ."

ಇವರು ಬಂದಾಗ ಮಷೀನು ಅರ್ಧ ನಡೆದಿತ್ತು. ಬಸ್ಸು ದಾರಿಯಲ್ಲಿ ಕೆಟ್ಟಿತಂತೆ, ನಡೆದು ಬಂದಿದ್ದರು. ಮೈಯಿಂದ ನೀರು ಸುರಿದು ನೆಲದ ಮೇಲೆ ಮಡುಗಟ್ಟಿತು. ನರ್ಸ್ ಬೈದಳು. ಅವರು ತಾಯಿಯ ಹಾಸಿಗೆಗೆ ಬಾಗಿ ಕೇಳಿದರು —

"ತ್ರಾಸ ಆತೇನು ಆಯಿ?"

ನಾನು ಆಚೆ ಬದಿಗೆ ನಿಂತಿದ್ದೆ. ಆಯಿ ನನ್ನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದರು.

"ಆತಪಾ. ಭಾಳ ಕುಲುಕಾಡಿಸ್ತು."

ಇವರು ತಲೆಯಾಡಿಸಿದರು. ಮುಖ ತುಸು ತಿಳಿಯಾಯಿತು. ತಾಯಿಯ ಕಾಲು ಒತ್ತಲು ಕೂತರು.

ಆಚೆ ಕಾಲು ನಾನು ಹಿಡಿದೆ.

ಜುಲೈ 21. ಶುಕ್ರವಾರ

ಬಿಸಿಲು. ರಿಕ್ಷಾ ಬಂತು. ಸೀಟಿಗೆ ಹೊಸ ದಿಂಬು — ಇವರು ನಿನ್ನೆ ಪೇಟೆಯಲ್ಲಿ ಹೊಲಿಸಿ ತಂದದ್ದು. ಮೆಟ್ಟಿಲಿಗೂ ರಬ್ಬರ್ ಹಾಕಿಸಿದ್ದಾರೆ. ಆಯಿಯ ಎರಡೂ ಕೈ ಹಿಡಿದು ಹತ್ತಿಸಿದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಚಾಚಾ ಇಳಿದು ಹಿಂದಿನಿಂದ ಎತ್ತಿದ.

ನಾನು ಗೇಟು ತೆರೆದು ಹಿಡಿದಿದ್ದೆ. ಆಯಿ ಹಾದುಹೋಗುವಾಗ ಈ ಕಡೆ ನೋಡಿದರು. ಏನೋ ಹೇಳುವವರಂತೆ. ನಾನೂ ಬಾಯಿ ತೆರೆದೆ, ಅಷ್ಟರಲ್ಲಿ ಇವರು ಬಿಸಿಲು ಬೀಳದಿರಲಿ ಎಂದು ರಿಕ್ಷಾದ ಪರದೆ ಇಳಿಸಿದರು.