ಮಾಲೂರಿನ ಕುಲುಮೆಯ ಶನಿವಾರಗಳು

ವಕ್ಕಲೇರಿ,
ಭಾನುವಾರ, ೧೨-೨-೧೯೩೯

ಪೂಜ್ಯ ಅತ್ತಮ್ಮನವರಿಗೆ, ನಿಮ್ಮ ಸೊಸೆ ಭಾರತಮ್ಮ ಇಲ್ಲಿಂದಲೇ ಬಗ್ಗಿ ಕಾಲು ಮುಟ್ಟುತ್ತಿದ್ದೇನೆ.

ನಿಮ್ಮ ಮಂಡಿನೋವು ಹೇಗಿದೆ? ಮುಳಬಾಗಿಲಿನ ನೀರು ಒಗ್ಗಿತೇ? ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಮಗಳ ಮನೆ ಅಂತ ಸಂಕೋಚವೋ? ಈ ಕಾಗದ ಓದಿ ಹೇಳೋದು ಆದಿಲಕ್ಷ್ಮಿಯೇ ತಾನೇ? ಅವಳಿಗೆ ಒಂದು ಮಾತು: ನಿಮ್ಮಣ್ಣನ ವಿಷಯ ಬಂದ ಕಡೆ ನಗುತ್ತಾ ಅಕ್ಷರ ನುಂಗಬೇಡ ಕಣೇ. ಇಲ್ಲಿ ನಾವು ಸುಖವಾಗಿದ್ದೇವೆ. ಅವರೆಕಾಯಿಗೆ ಈ ಸಲ ಒಳ್ಳೇ ಸೊಗಡು. ನಾನು ಮಾಡೋ ಹಿತಕಿದ ಬೇಳೆ ಸಾರು ಅಮ್ಮನ ಕೈರುಚಿಗೆ ಬರಲ್ಲ ಅಂತ ನಿಮ್ಮ ಮಗ ಮುಖದ ಮೇಲೇ ಹೇಳ್ತಾರೆ. ಹೇಳಲಿ ಬಿಡಿ, ರುಚಿ ತಿಳಿಯೋ ಹಾಗಾಗಿದ್ದಾರಲ್ಲ, ನನಗೆ ಅದೇ ಸಂತೋಷ.

ಹೌದು ಅತ್ತಮ್ಮ, ನಿಮ್ಮ ಮಗ ಕುಡಿತ ಬಿಟ್ಟಿದ್ದಾರೆ. ಮಾವನವರ ತಿಥಿಯ ದಿನ ಅವರು ಹೆಂಡ ಕುಡಿದು ಜಗಲಿ ಮೇಲೆ ಬಿದ್ದಿದ್ದು, ಎಡೆಗಿಟ್ಟ ಅನ್ನ ಆರಿಹೋಗಿದ್ದು, ನೀವು ಕಣ್ಣೊರೆಸಿಕೊಂಡು ಮಗಳ ಮನೆಗೆ ಹೊರಟಿದ್ದು, ಅಲ್ಲಿಯವರೆಗೆ ನಿಮಗೆ ಗೊತ್ತು. ಮುಂದಿನದ್ದು ಕೇಳಿ. ಒಂದು ಶನಿವಾರ ಬದನೆಕಾಯಿ ಹೇರಿಕೊಂಡು ಮಾಲೂರಿಗೆ ಹೊರಟ ಗಾಡಿಯಲ್ಲಿ ನಾನೂ ಹತ್ತಿ ಕೂತೆ. ಊರ ಹೊರಗಿನ ಹೆಂಡದಂಗಡಿ ಬಂತು ನೋಡಿ, ಯಾರೂ ಹಗ್ಗ ಎಳೆಯದೆ ಎತ್ತುಗಳು ತಾವೇ ನಿಂತುಬಿಟ್ಟವು! ಅವರು ಇಳಿದು ಒಳಗೆ ಹೋದರು. ನಾನು ಸೆರಗು ಮುಖಕ್ಕೆಳೆದುಕೊಂಡು ಗಾಡಿಯಲ್ಲೇ ಕೂತಿದ್ದೆ. ಅಷ್ಟರಲ್ಲಿ ಗೌನಿಪಲ್ಲಿ ಕಡೆಯ ಒಬ್ಬ ಮುದುಕರು, ಅವರೂ ಗಾಡಿ ಹೊಡೆಯೋರೇ, ಹೆಸರು ಚನ್ನರಾಯಪ್ಪ, ಹತ್ತಿರ ಬಂದು, "ನನ್ನ ಎತ್ತುಗಳೂ ಹಿಂಗೇ ನಿಲ್ತಿದ್ವು ಕಣಮ್ಮ. ನಾನು ಬಿಟ್ಟ ಮೇಲೂ ಅವು ಬಿಡಲಿಲ್ಲ" ಅಂತ ನಕ್ಕರು. ಸ್ಟೇಷನ್ ಹಿಂದಿನ ಕುಲುಮೆಯಲ್ಲಿ ಶನಿವಾರ ಸಂಜೆ ಕುಡಿತ ಬಿಟ್ಟವರು, ಬಿಡಬೇಕು ಅನ್ನೋರು ಸೇರ್ತಾರಂತೆ. "ಅಲ್ಲಿ ಯಾರೂ ಬುದ್ಧಿ ಹೇಳಲ್ಲ. ಅವರವರ ಪಾಡು ಅವರವರು ಹೇಳ್ಕೋತಾರೆ, ಅಷ್ಟೇ" ಅಂದರು.

ಬನ್ನಿ ಅಂದರೆ ಬರೋ ಜಾತಿಯೇ ನಿಮ್ಮ ಮಗ? ಚಕ್ರದ ಕಬ್ಬಿಣದ ಪಟ್ಟಿ ಸಡಿಲ ಆಗಿದೆ, ಕುಲುಮೆಗೆ ನಡೀರಿ ಅಂದೆ. ಅಲ್ಲಿ ಹೋದ ಮೇಲೆ ಮೋಸ ಗೊತ್ತಾಗಿ, ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲಾಚೆ ಗಾಡಿಗೆ ಒರಗಿ ನಿಂತರು. ಕಮ್ಮಾರನ ಹೆಂಡತಿ ಚಿಕ್ಕಗಂಗಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಹೆಂಗಸರದ್ದೇ ಒಂದು ಗುಂಪು. ಎಲ್ಲರ ಮನೆಯ ಕಥೆಯೂ ನಮ್ಮ ಮನೆಯದ್ದೇ. ಅತ್ತೆವು, ಆಮೇಲೆ ಅತ್ತಿದ್ದಕ್ಕೇ ನಕ್ಕೆವು. ಒಳಗೆ ಒಬ್ಬಾತ, ಕುಡಿದ ಅಮಲಿನಲ್ಲಿ ಬೇರೆಯವರ ಮನೆ ಬಾಗಿಲು ಬಡಿದು, ಬಾಗಿಲು ತೆಗೆದ ಹೆಂಗಸಿಗೆ "ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು?" ಅಂತ ಗದರಿಸಿದ್ದನ್ನು ಹೇಳ್ತಿದ್ದ. ಬಾಗಿಲಾಚೆ ನಿಂತಿದ್ದ ನಿಮ್ಮ ಮಗ ಬಾಯಿಗೆ ಟವಲ್ ಒತ್ತಿಕೊಂಡು ನಗೋದನ್ನು ನಾನು ಹಿತ್ತಲಿಂದ ಇಣುಕಿ ಕಂಡೆ. ಮನೆಗೆ ಬರುವಾಗ "ಹುಚ್ಚರ ಸಂತೆ ಕಣೇ ಅದು" ಅಂದರು. ಮುಂದಿನ ಶನಿವಾರ ಬೆಳಗ್ಗೆ ತಾವೇ ಚಕ್ರ ಅಲ್ಲಾಡಿಸಿ ನೋಡಿ, "ಇನ್ನೊಂದು ಪಟ್ಟಿನೂ ಸಡಿಲ ಇದ್ದ ಹಾಗಿದೆ" ಅಂದರು!

ಎಲ್ಲ ನೆಟ್ಟಗೆ ನಡೀತು ಅಂದರೆ ಸುಳ್ಳಾಗುತ್ತೆ. ಕಾರ್ತೀಕದಲ್ಲಿ ಶ್ರೀನಿವಾಸಪುರದ ಮದುವೆಗೆ ಹೋಗಿ ಮತ್ತೆ ಕುಡಿದು ಬಂದರು. ಮಾರನೇ ದಿನದಿಂದ ಕುಲುಮೆಗೆ ಹೋಗಲ್ಲ, ಮುಖ ತೋರಿಸೋಕೆ ನಾಚಿಕೆ. ಚನ್ನರಾಯಪ್ಪನವರೇ ಹುಡುಕಿಕೊಂಡು ಬಂದರು. ನಾನು ಬಾಗಿಲಲ್ಲಿ ಅಳೋಕೆ ಶುರು ಮಾಡಿದರೆ, "ವಸ್ತಾಡು ಲೇಮ್ಮಾ, ಬರ್ತಾನೆ ಬಿಡು. ಮೊದಲು ಮುದ್ದೆ ಇಕ್ಕು" ಅಂದರು. ಊಟ ಮುಗಿಸಿ ನಿಮ್ಮ ಮಗನಿಗೆ, "ಅಲ್ಲಿರೋರೆಲ್ಲ ಬಿದ್ದು ಎದ್ದೋರೇ ಕಣಪ್ಪ. ನೀನು ಬರ್ದೇ ಇದ್ರೆ ನಮಗೇ ಬೇಜಾರು" ಅಂದರು. ಇವರು ಎದ್ದು ಟವಲ್ ಹೆಗಲಿಗೆ ಹಾಕಿಕೊಂಡರು. ಆವತ್ತಿನಿಂದ ಮುಟ್ಟಿಲ್ಲ. ಎತ್ತುಗಳು ಈಗಲೂ ಅಂಗಡಿ ಮುಂದೆ ನಿಲ್ತವೆ. ಇವರು ಇಳಿದು, ಮೂಗುದಾರ ಹಿಡಿದು ನಡೆಸಿಕೊಂಡು ದಾಟಿಸ್ತಾರೆ. ಅಂಗಡಿಯವನು "ಎತ್ತಿಗಾದ್ರೂ ಒಂದು ಮೊಗೆ ಹುಯ್ಸಪ್ಪ" ಅಂತ ಕೂಗಿದರೆ ಇವರೂ ನಗ್ತಾರೆ. ಹಿತ್ತಲ ಗುಂಪಿಗೆ ನಾನಂತೂ ಒಂದು ಶನಿವಾರವೂ ತಪ್ಪಿಸಿಲ್ಲ.

ಆದಿಲಕ್ಷ್ಮಿಗೆ, ಅವಳ ಮಕ್ಕಳಿಗೆ ನನ್ನ ಪ್ರೀತಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ ನಿಮ್ಮ ಸೊಸೆ,
ಭಾರತಮ್ಮ

ಮರೆತಿದ್ದೆ: ಈ ಕಾಗದ ಮುಳಬಾಗಿಲಿಗೆ ಒಯ್ಯೋ ಗಾಡಿಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡ್ತೀನಿ. ಇಷ್ಟು ದಿನ ಕುಲುಮೆಯಲ್ಲಿ ಬರೀ ಕೇಳಿಸಿಕೊಂಡು ಕೂತಿರ್ತಿದ್ದವರು ನಿನ್ನೆ ಮೊದಲ ಸಲ ಬಾಯಿ ಬಿಟ್ಟರು. ತಿಥಿಯ ದಿನದ್ದೇ ಹೇಳಿದರು. "ನಮ್ಮಮ್ಮ" ಅಂದವರು ಟವಲ್‌ನಲ್ಲಿ ಮುಖ ಒರೆಸಿಕೊಂಡು, ಮಿಕ್ಕಿದ್ದನ್ನು ನೆಲ ನೋಡಿಕೊಂಡೇ ಹೇಳಿ ಮುಗಿಸಿದರಂತೆ. ಗುರುವಾರ ಗಾಡಿ ಕಟ್ಟಿಕೊಂಡು ಮುಳಬಾಗಿಲಿಗೆ ಬರ್ತಾ ಇದ್ದಾರೆ. ಹೇಳಬೇಡ ಅಂದಿದ್ದಾರೆ, ನಿಮಗೆ ಗೊತ್ತೇ ಇಲ್ಲದ ಹಾಗಿರಿ. ಒಳಗೆ ಬರೋಕೆ ಧೈರ್ಯ ಸಾಲದೆ ಬೀದಿಯಲ್ಲೇ ನಿಂತಿದ್ದರೆ ನೀವೇ ಕರೆಯಿರಿ. ಬೈಯಬೇಕು ಅನ್ನಿಸಿದರೆ ಬೈಯಿರಿ, ಬೈಸಿಕೊಳ್ಳೋಕೇ ಬರ್ತಿದ್ದಾರೆ. ಆದರೆ ಮೊದಲು ಗಾಡಿ ಹತ್ತಿ ಅತ್ತಮ್ಮ. ವಕ್ಕಲೇರಿವರೆಗೂ ದಾರಿ ಉದ್ದವಿದೆ, ಅಷ್ಟನ್ನೂ ಬೈದು ಮುಗಿಸಬಹುದು.