ಹೂಕುಂಡದಲ್ಲಿ ಹೂತ ನಾಲ್ವರು

ಪ್ರೀತಿಯ ಅತ್ತೆ,

ಸಿಟ್ಟನ್ನು ಸ್ವಲ್ಪ ಬದಿಗಿಟ್ಟು ಓದಿ. ನಿಮ್ಮ ಸಿಗಡಿಗಳು ಸತ್ತಿಲ್ಲ! ಅಕ್ವೇರಿಯಂ ತಳದಲ್ಲಿ ಅಲುಗಾಡದೆ ಬಿದ್ದಿದ್ದ ನಾಲ್ಕನ್ನು ನಾನು ಅಳುತ್ತಾ ಹೂಕುಂಡದಲ್ಲಿ ಹೂತೆನಲ್ಲ, "ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು" ಎಂದು ನೀವು ಮಗಳ ಮನೆಗೆ ಹೊರಟೇಬಿಟ್ಟಿರಲ್ಲ, ಅವು ಬರೀ ಚಿಪ್ಪುಗಳಂತೆ!

ಅಕ್ವೇರಿಯಂ ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೈ ಬೆಳೆದಾಗ ಹಳೇದು ಬಿಗಿಯಾಗುತ್ತಮ್ಮಾ, ಕಳಚಿ ಹಾಕ್ತವೆ. ನೀನು ಅಂಗಿಗೆ ಅಂತ್ಯಸಂಸ್ಕಾರ ಮಾಡಿದೀಯ!" ಮೂವತ್ತು ವರ್ಷ ಅಂಗಿ ಹೊಲಿದ ನಿಮಗೂ ಇದು ಹೊಳೆಯಲಿಲ್ಲವಲ್ಲ ಅತ್ತೆ!

ಓಡಿ ಬಂದು ಎಣಿಸಿದೆ. ಹನ್ನೆರಡಕ್ಕೆ ಹನ್ನೆರಡೂ ಇವೆ. ನೀವು ಹೊಲಿಗೆ ದಾರದಿಂದ ಕಲ್ಲಿಗೆ ಕಟ್ಟಿದ್ದ ಪಾಚಿ ಈಗ ದಾರವೇ ಕಾಣದಷ್ಟು ಹಬ್ಬಿದೆ. ಅದರೊಳಗೆ ಎಳ್ಳುಕಾಳಿನಷ್ಟು ಮರಿಗಳು! ಎಣಿಸೋಣವೆಂದರೆ ಒಂದೂ ನಿಂತಲ್ಲಿ ನಿಲ್ಲುವುದಿಲ್ಲ.

ಬೇಗ ಬನ್ನಿ. ಅಳತೆ ಟೇಪು ಮರೆಯಬೇಡಿ. ನನ್ನ ಅಂಗಿಗಳೂ ಹೊಟ್ಟೆಯ ಹತ್ತಿರ ಬಿಗಿಯಾಗುತ್ತಿವೆ, ಇನ್ನೂ ಐದು ತಿಂಗಳು ಹೀಗೇ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಮಗ ಹೇಳುವ ಮೊದಲು ನಾನೇ ಹೇಳಬೇಕೆನ್ನಿಸಿತು.

ಇಂತಿ,
ಕೊಲೆ ಆರೋಪದಿಂದ ಬಿಡುಗಡೆಯಾದ
ನಿಮ್ಮ ಸೊಸೆ